ನಿಮ್ಮವರು ಕುಡಿದದ್ದು ನಮ್ಮ ನಲ್ಲಿಯ ನೀರಲ್ಲ

ಊರಿನ ನೀರಿನ ಹೊಣೆ ಹೊತ್ತ ಮಾನ್ಯರೇ,

ಶಿರಸಿಯ ನಮ್ಮ ಹೊಸ ಬಡಾವಣೆಯ ನಲ್ಲಿಗಳಲ್ಲಿ ಬರುವ ಬೋರಿನ ನೀರು ‘ರುಚಿಕರವಾಗಿದ್ದು, ಗೃಹಬಳಕೆಗೆ ಸರ್ವಥಾ ಯೋಗ್ಯ’ ಎಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಆದ್ದರಿಂದ ತಿರುವಿನಲ್ಲಿರುವ ಹಳೆಯ ಬಾವಿ ಇನ್ನು ಅನಗತ್ಯವೆಂದೂ, ಅದನ್ನು ಮುಚ್ಚಿ ರಸ್ತೆ ಅಗಲ ಮಾಡುವುದೆಂದೂ ಆ ಬಾವಿಯ ಕಟ್ಟೆಗೇ ನೋಟೀಸು ಅಂಟಿಸಿದ್ದೀರಿ. ತೀರ್ಮಾನ ತಪ್ಪು. ಅದು ಹೇಗೆ ತಪ್ಪಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬೇರೆ ದಾರಿ ಕಾಣದೆ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ.

ಮೊದಲು ನಲ್ಲಿ ನೀರಿನ ಗುಣಗಾನ. ಅದರಲ್ಲಿ ಎಷ್ಟು ಸೋಪು ಉಜ್ಜಿದರೂ ನೊರೆ ಬರುವುದಿಲ್ಲ; ಬಕೆಟ್ಟಿನ ಮೇಲೆ ಒಡೆದ ಹಾಲಿನಂಥದ್ದೇನೋ ತೇಲುತ್ತದೆ. ಬಿಳಿ ಅಂಗಿ ನಾಲ್ಕು ಸಲ ಒಗೆಯುವುದರೊಳಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಚ್ಚಲ ಹಂಡೆಯ ಒಳಗೆ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಕಟ್ಟಿದೆ. ತಲೆಗೆ ಹಾಕಿಕೊಂಡರೆ ಕೂದಲು ತೆಂಗಿನ ನಾರು. ಇಷ್ಟನ್ನೂ ಸಹಿಸಿದ್ದೇವೆ. ಸಹಿಸಲಾಗದ್ದು ಬೇಳೆಯ ವಿಷಯ. ಕುಕ್ಕರು ಕೂಗಿ ಕೂಗಿ ಸುಸ್ತಾದರೂ ತೊಗರಿಬೇಳೆ ಬೇಯದೆ ಹಾಗೇ ಕುಳಿತಿರುತ್ತದೆ. ಚಿಟಿಕೆ ಸೋಡಾ ಹಾಕಿ ಎಂದು ನಿಮ್ಮ ಕಚೇರಿಯವರೇ ಉಪದೇಶಿಸಿದರು. ಹಾಕಿದೆವು. ಬೇಳೆ ಬೆಂದಿತು, ಅತ್ತೆಯ ಹೊಟ್ಟೆ ಕೆಟ್ಟಿತು.

ನನ್ನ ಅತ್ತೆ ಲಕ್ಷ್ಮಿಯವರಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಕಟ್ಟಿಸಿದ ಹಲ್ಲು ಒಸಡಿಗೆ ಒತ್ತುತ್ತದೆಂದು ಡಬ್ಬಿ ಸೇರಿದೆ. ಮೆತ್ತಗಿನ ಅನ್ನ, ಕರಗುವಂತೆ ಬೆಂದ ಬೇಳೆಯ ತೊವ್ವೆ, ಅವರು ಉಣ್ಣುವುದು ಅಷ್ಟೇ. ಅದಕ್ಕಾಗಿ ದಿನಾ ಬೆಳಿಗ್ಗೆ ತಿರುವಿನ ಬಾವಿಯಿಂದ ಒಂದು ಕೊಡ ನೀರು ಹೊತ್ತು ತರುತ್ತೇನೆ. ದಾರಿ ಏರು, ಇನ್ನೊಂದು ಕೊಡಕ್ಕೆ ನನ್ನ ಸೊಂಟ ಒಪ್ಪುವುದಿಲ್ಲ. ಆ ನೀರನ್ನು ಅತ್ತೆಯ ಅಡುಗೆಗಲ್ಲದೆ ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಮನೆಗೆ ಯಾರಾದರೂ ಬಂದರೆ ಮಾತ್ರ ಆ ಮಾತು ಬೇರೆ.

ನಲ್ಲಿ ನೀರು ಸರಿಯಿಲ್ಲವೆಂದು ನಾವು ಬರೆದ ಅರ್ಜಿಗೆ ಮನ್ನಣೆ ಕೊಟ್ಟು ಈ ಏಪ್ರಿಲ್‌ನಲ್ಲಿ ನಿಮ್ಮ ಪರೀಕ್ಷಕರು ಬಂದರು. ಹಾವೇರಿ ಕಡೆಯವರು, ಒಳ್ಳೆಯ ಮನುಷ್ಯರು. ನೀರು ತುಂಬಿಕೊಳ್ಳಲು ಬಾಟಲಿ ತಂದಿರಲಿಲ್ಲ, ನಾಲಿಗೆ ತಂದಿದ್ದರು. ಜೀಪು ಕೆಳಗೇ ಬಿಟ್ಟು, ಚಾಲಕನೊಂದಿಗೆ ಬಿಸಿಲಲ್ಲಿ ಏರು ಹತ್ತಿ ಬಂದು ವರಾಂಡದಲ್ಲಿ ಕೂತು ಬೆವರು ಒರೆಸಿಕೊಂಡರು. ನಾನು ನಲ್ಲಿಯಿಂದ ಲೋಟ ತುಂಬಿಸಿ ತರುವಷ್ಟರಲ್ಲಿ ಅತ್ತೆ ಬೆಲ್ಲದ ತುಂಡು, ಚೊಂಬು ತುಂಬ ನೀರು ಅವರ ಮುಂದಿಟ್ಟಾಗಿತ್ತು. ಯಾವ ನೀರೆಂದು ಬೇರೆ ಹೇಳಬೇಕೆ?

ಅವರು ಗಟಗಟ ಕುಡಿದು, “ನೀರು ಭಾಳ ಚಲೋ ಅದಾವಲ್ರೀ! ಮತ್ಯಾಕ ಅರ್ಜಿ ಕೊಟ್ಟೀರಿ?” ಎಂದರು. ಅದು ಬಾವಿಯದು, ನಲ್ಲಿಯದು ಇದು ಎಂದು ನನ್ನ ಲೋಟ ಚಾಚಿದೆ. “ಹೊಟ್ಟಿ ತುಂಬೇತ್ರೀ ಅಕ್ಕಾರ” ಎಂದು ನಗುತ್ತಾ ಎದ್ದರು.

ಪಕ್ಕದ ಮನೆಯ ದುರ್ಗಮ್ಮ ಪರೀಕ್ಷಕರಿಗೆ ಚಾ ಮಾಡಿಕೊಟ್ಟರು. ಅದರಾಚೆಯ ಮನೆಯವರು ಮುರುಗಲ ಹಣ್ಣಿನ ಪಾನಕ ಕೊಟ್ಟರು. ಸಂಜೆ ವಿಚಾರಿಸಿದರೆ, ಇಡೀ ಬಡಾವಣೆಯಲ್ಲಿ ಅವರ ಬಾಯಿಗೆ ನಲ್ಲಿ ನೀರಿನ ಒಂದು ಹನಿಯೂ ಬಿದ್ದಿರಲಿಲ್ಲ. ಪ್ರತಿ ಮನೆಯ ಮೂಲೆಯಲ್ಲೂ ಬಂದವರಿಗೆಂದು ಬಾವಿ ನೀರು ಮುಚ್ಚಿಟ್ಟಿದ್ದರು! ಹೀಗೇಕೆ ಮಾಡಿದಿರಿ ಎಂದು ದುರ್ಗಮ್ಮನನ್ನು ಕೇಳಿದೆ. “ಅಲ್ಲ ಪರಿಮಳಕ್ಕಾ, ಬಂದೋರಿಗೆ ಆ ನೀರು ಹೆಂಗ್ ಕೊಡೂದು? ಚಾ ಮೇಲೆ ಸುಣ್ಣ ತೇಲಿದ್ರೆ ಯಾರ ಮರ್ಯಾದಿ ಹೋಗೂದು?” ಎಂದರು.

ಅತ್ತೆಯ ಮೇಲೆ ಮಾತ್ರ ರೇಗಿಯೇಬಿಟ್ಟೆ. “ಅವ್ರು ನೀರು ನೋಡಲೆ ಬಂದವ್ರು ಅತ್ತೆ, ನೆಂಟ್ರಲ್ಲ!” ಅತ್ತೆ ಖಾಲಿ ಕೊಡವನ್ನು ಬೋರಲು ಹಾಕುತ್ತಾ, “ಬಾಯಾರಿ ಬಂದವಕ್ಕೆ ಆ ನೀರು ಕೊಡಲೆ ಯಂಗೆ ಮನಸ್ಸು ಬತ್ತಿಲ್ಲೆ ಕೂಸೆ. ಎಂತ ಮಾಡ್ಲಿ?” ಎಂದರು. ಉಳಿದಿದ್ದ ನೀರನ್ನು ಜೀಪಿನ ಚಾಲಕನಿಗೆ ಕೊಟ್ಟಿದ್ದರು. ಅಂದು ರಾತ್ರಿ ಬೇಳೆ ಬೇಯಲಿಲ್ಲ. ಮಜ್ಜಿಗೆ ಕುಡಿದು ಮಲಗಿದರು. ನನಗೂ ಊಟ ಸೇರಲಿಲ್ಲ.

ಈಗ ಹೇಳಿ, ನಾನು ಯಾರನ್ನು ಬೈಯಲಿ? ಬಾಯಾರಿದ್ದು ನಿಮ್ಮ ಪರೀಕ್ಷಕರ ತಪ್ಪೇ? ಕೊಟ್ಟದ್ದು ಅತ್ತೆಯ ತಪ್ಪೇ? ಆದರೆ ಒಬ್ಬರ ದಾಹ ತೀರಿದ ಮಾತ್ರಕ್ಕೆ ಒಂದು ಬಡಾವಣೆಯ ನೀರಿನ ಪರೀಕ್ಷೆ ಮುಗಿದಂತಾಗುತ್ತದೆಯೇ? ನೋಟೀಸು ಕಂಡ ಮರುದಿನ ನಾನೇ ಬಾಟಲಿಯಲ್ಲಿ ನಲ್ಲಿ ನೀರು ತುಂಬಿಸಿಕೊಂಡು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. ‘ನೀವು ತಂದ ನೀರು ಎಲ್ಲಿಯದೆಂದು ಯಾರಿಗೆ ಗೊತ್ತು?’ ಎಂದು ನಿಮ್ಮ ಗುಮಾಸ್ತರು ಕೇಳಿದರು. ನ್ಯಾಯವಾದ ಪ್ರಶ್ನೆ. ಚೊಂಬಿನಲ್ಲಿ ಕೊಟ್ಟ ನೀರು ಎಲ್ಲಿಯದೆಂದು ಅವತ್ತು ಯಾರೂ ಕೇಳಿರಲಿಲ್ಲ, ಹೇಳಿದರೂ ಕೇಳಿಸಿಕೊಂಡಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬಾವಿ ಮುಚ್ಚುವ ಮೊದಲು ಇನ್ನೊಮ್ಮೆ ಬನ್ನಿ, ಈ ಸಲ ಖುದ್ದು ನೀವೇ ಬನ್ನಿ. ಬಾಟಲಿ ತನ್ನಿ. ನಮ್ಮ ವರಾಂಡ ಹತ್ತಬೇಡಿ, ಕೂರಬೇಡಿ, ಬೆವರು ಒರೆಸಿಕೊಳ್ಳಬೇಡಿ. ಹಿತ್ತಿಲ ನಲ್ಲಿಯಿಂದ ನೀರು ತುಂಬಿಕೊಂಡು ಹಾಗೇ ಹೊರಟುಬಿಡಿ. ಅತ್ತೆಯ ಕಣ್ಣಿಗೆ ಬಿದ್ದರೆ ಮತ್ತೆ ಚೊಂಬು ಹಿಡಿದು ಬರುತ್ತಾರೆ, ತಡೆಯುವುದು ನನ್ನಿಂದಾಗದು. ಮನೆಗೆ ಬರುವವರನ್ನು ಹೀಗೆ ಕರೆಯುವ ಕಾಲ ನನಗೆ ಬಂತಲ್ಲ, ಕ್ಷಮಿಸಿ.

ಅಷ್ಟು ಪುರುಸೊತ್ತು ನಿಮಗಾಗದಿದ್ದರೆ ಬಾವಿ ಮುಚ್ಚಿದ ಮೇಲಾದರೂ ಬನ್ನಿ. ಆಗ ಯಾವ ಅಡ್ಡಿಯೂ ಇಲ್ಲ, ಆರಾಮಾಗಿ ಒಳಗೆ ಬಂದು ಕೂತುಕೊಳ್ಳಿ. ಅತ್ತೆ ನಿಮಗೆ ನಲ್ಲಿಯ ನೀರನ್ನೇ ಕೊಡಬೇಕಾಗುತ್ತದೆ. ಕೊಡುವಾಗ ಒಮ್ಮೆ ಅವರ ಮುಖ ನೋಡಿ.

ಇಂತಿ,
ಬಾವಿ ಇರುವ ತನಕ ಕೊಡ ಹೊರುವವಳು,
ಪರಿಮಳಾ
ಶಿರಸಿ, ಮೇ ೨೦೦೩