ಇಪ್ಪತ್ತನೆಯ ಹಾಜರಿ

ಆಗಸ್ಟ್ 4, ಬೆಳಿಗ್ಗೆ 9.50

ಹಾಜರಿ ಕರೆದಾಯಿತು. ಹತ್ತೊಂಬತ್ತು. ಏಳನೇ ತರಗತಿಯ ರೇಡಿಯೋ ಬಂದಿಲ್ಲ. ಬಾಯಿಗೆ ಬೀಗವಿಲ್ಲದ ಹುಡುಗಿ, ಅದಕ್ಕೇ ಆ ಹೆಸರು. ಅವಳಿಲ್ಲದೆ ಶಾಲೆ ಬಿಕೋ ಎನ್ನುತ್ತಿದೆ.

ಹಾಜರಿ ಇಪ್ಪತ್ತಕ್ಕೆ ಒಂದು ಕಡಿಮೆಯಾದರೂ ಶಾಲೆ ಮುಚ್ಚುತ್ತಾರಂತೆ. ಆಫೀಸಿನ ಪತ್ರ ಮೇಜಿನ ಮೇಲಿದೆ. ಆಮೇಲೆ ಈ ಪುಟಾಣಿಗಳು ದಿನಾ ಏಳು ಕಿಲೋಮೀಟರ್ ನಡೆಯಬೇಕು... ಅವಳ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಹಾಜರಿ ಹಾಕಿದೆ. ನಾಳೆ ಬರುತ್ತಾಳೆ.

ಆಗಸ್ಟ್ 7

ಪೆನ್ಸಿಲ್ ಗುರುತು ನಾಲ್ಕಾಯಿತು. ಕಿರಿಯ ಟೀಚರ್ ಕೇಳಿದಳು, "ಮೂರು ದಿನ ಬರ್ಲಿಲ್ಲ ಅಂದ್ರೆ ಮನೆಗೆ ಹೋಗಿ ವಿಚಾರಿಸ್ಬೇಕಲ್ವಾ ಮೇಡಂ?"

"ರಿಜಿಸ್ಟರ್ ಪ್ರಕಾರ ಬಂದಿದಾಳಲ್ಲ."

ಇಬ್ಬರೂ ನಕ್ಕೆವು.

ಆಗಸ್ಟ್ 8, ಮಧ್ಯಾಹ್ನ

ಶಾಲಾ ಇನ್‌ಸ್ಪೆಕ್ಟರ್ ಬಂದಿದ್ದರು. ಅವರು ಜೀಪಿನಿಂದ ಇಳಿಯುವಷ್ಟರಲ್ಲಿ ಪೆನ್ಸಿಲ್ ಮೇಲೆ ಪೆನ್ನು ಆಡಿಸಿದ್ದೆ. ತಲೆ ಎಣಿಸಿ, "ಒಬ್ಬಳು ಕಾಣ್ತಿಲ್ವಲ್ಲ?" ಎಂದರು.

"ಹೊಟ್ಟೆನೋವು ಅಂದ್ಲು ಸರ್, ಈಗಷ್ಟೇ ಮನೆಗೆ ಕಳಿಸ್ದೆ."

ಹತ್ತೊಂಬತ್ತು ಮಕ್ಕಳು ನನ್ನನ್ನೇ ನೋಡಿದವು. ಒಂದೂ ಬಾಯಿ ಬಿಡಲಿಲ್ಲ. ನಾನೇ ಕಲಿಸಿದ ಶಿಸ್ತು. ಅವರು ಸಹಿ ಹಾಕಿ ಹೋದರು. ಶಾಲೆ ಉಳಿಯಿತು. ನಾಚಿಕೆಯಾಯಿತು, ಸಮಾಧಾನವೂ ಆಯಿತು.

ಆಗಸ್ಟ್ 13, ಬೆಳಿಗ್ಗೆ 11

ರೇಡಿಯೋಳ ತಾಯಿ ಗೇಟಿನ ಹತ್ತಿರ ಬಂದಿದ್ದಳು. "ಇವತ್ತು ಸ್ವಲ್ಪ ಬೇಗ ಕಳ್ಸಿ ಮೇಡಂ. ಅವಳಜ್ಜಿ ಬಂದಿದಾರೆ."

ಹಾಗಾದರೆ ದಿನಾ ಬ್ಯಾಗು ಹೊತ್ತು ಹೊರಡುತ್ತಾಳೆ, ಸಂಜೆ ಮನೆ ಸೇರುತ್ತಾಳೆ. ನಡುವೆ ಎಲ್ಲಿರುತ್ತಾಳೆ?

ಹೇಳಬೇಕಿತ್ತು. ಬಾಯಿಂದ ಬಂದದ್ದು ಇಷ್ಟೇ — "ಕಳಿಸ್ತೀನಮ್ಮ."

ನಾಳೆ ಖಂಡಿತ ಮನೆಗೆ ಹೋಗಿ ಹುಡುಗಿಯನ್ನೇ ಕೇಳುತ್ತೇನೆ.

ಆಗಸ್ಟ್ 14, ಬೆಳಿಗ್ಗೆ 10.15

ರೇಡಿಯೋ ನಿನ್ನೆ ಮನೆ ಸೇರಿಲ್ಲ.

ಪೊಲೀಸಿನವರು ಮೊದಲ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ರಿಜಿಸ್ಟರ್ ತಿರುವಿದರು. "ನಿನ್ನೆವರೆಗೂ ಬಂದಿದಾಳೆ." ತಾಯಿ ತಲೆಯಾಡಿಸಿದಳು. "ಹೌದು ಸಾರ್, ಮೇಡಂ ಹತ್ರಾನೇ ಮಾತಾಡಿದೀನಿ."

ಊರಿನವರೆಲ್ಲ ಹುಡುಕುತ್ತಿದ್ದಾರೆ. ಶಾಲೆಯ ಗೇಟಿನಿಂದ ಅವಳ ಮನೆವರೆಗೆ, ಒಂದೊಂದೇ ಪೊದೆ. ಹತ್ತು ದಿನದಿಂದ ಅವಳು ಕಾಲೇ ಇಡದ ದಾರಿ. ನನ್ನ ಇಪ್ಪತ್ತನೆಯ ಗುರುತನ್ನು ನಂಬಿ ಹುಡುಕುತ್ತಿದ್ದಾರೆ.

"ಕೊನೇ ಸಲ ಯಾವಾಗ ನೋಡಿದ್ರಿ, ಬರೆದು ಕೊಡಿ ಮೇಡಂ," ಎಂದು ಬಿಳಿ ಹಾಳೆ ಕೊಟ್ಟು ಹೊರಗೆ ನಿಂತಿದ್ದಾರೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ನಾನು ಈ ಹುಡುಗಿಯನ್ನು ಕೊನೆಯ ಸಲ ನೋಡಿದ್ದು ಆಗಸ್ಟ್