ನಲವತ್ತೊಂದನೇ ನಂಬರಿನ ಟ್ರಾಲಿಬಸ್ಸು

ಜನವರಿ 17, 2012. ಮಂಗಳವಾರ

ಮಾದರಿ ಬಸ್ಸಿನ ಛಾವಣಿಗೆ ಎರಡನೇ ಕೋಟ್ ಆಯಿತು. ಕೆನೆ ಬಣ್ಣ. ಒಣಗಲು ಆರು ಗಂಟೆ ಬೇಕು. ಹೊರಗೆ ಮೈನಸ್ ಇಪ್ಪತ್ತೊಂಬತ್ತು.

ಇದು ಇಪ್ಪತ್ತಮೂರನೆಯ ಮಾದರಿ, ನಲವತ್ತೊಂದನೇ ನಂಬರಿನ ಬಸ್ಸು. ಕೊನೆಯದು. ನಮ್ಮೂರಲ್ಲಿ ಓಡಿದ ಬ್ರಿಲ್ ಕಂಪನಿಯ ಟ್ರಾಲಿಬಸ್ಸುಗಳಲ್ಲಿ ಉಳಿದ ಇಪ್ಪತ್ತೆರಡರ ಮಾದರಿಗಳೂ ಕ್ಲಬ್ಬಿನ ಕಪಾಟಿನಲ್ಲಿವೆ, ಒಂದೊಂದೂ ಮೊಳಕೈಗಿಂತ ಗಿಡ್ಡ. ಇಲ್ಲಿನ ಕಾರ್ಖಾನೆಯಲ್ಲೇ ಹುಟ್ಟಿ ದೇಶದ ಆ ಕಡಲಿಂದ ಈ ಕಡಲಿನವರೆಗೆ ಓಡಿದ ಗಾಡಿಗಳು. ಮೇಲಿನ ವಿದ್ಯುತ್ ತಂತಿಗೆ ಎರಡು ಕಂಬ ತಾಗಿಸಿಕೊಂಡು ಓಡುತ್ತಿದ್ದವು; 1972ರಲ್ಲಿ ಇಲ್ಲಿ ಆ ತಂತಿ ಕಿತ್ತರು. ಗಾಡಿಗಳು ಗುಜರಿಗೆ ಹೋದವು. ಅಳತೆ ತೆಗೆಯಲು ನನಗೆ ಸಿಕ್ಕಿದ್ದು ಕಾಡಿನ ಕೆರೆಯ ಹತ್ತಿರ ಬಿದ್ದಿದ್ದ ಒಂದೇ ಒಂದು ಒಡಲು. ಯಾರೋ ಅದರಲ್ಲಿ ಕೋಳಿ ಸಾಕಿದ್ದರು. ಹಿಕ್ಕೆಯಲ್ಲಿ ಮಂಡಿಯೂರಿ ಟೇಪು ಹಿಡಿದಿದ್ದೆ...

ಸಂಜೆ ವಾಲ್ಟರ್ ಬಂದಿದ್ದ. ನಮ್ಮ ಮಾಡೆಲ್ ಕ್ಲಬ್ಬಿನ ಅಧ್ಯಕ್ಷ.

“ಏನಯ್ಯಾ ರೇಯ್ನೊ, ಮದುವೆ ಹೆಣ್ಣಿಗೆ ಪೌಡರ್ ಹಚ್ಚಿದ ಹಾಗೆ ಹಚ್ತಿದ್ದೀಯಲ್ಲ! ಜುಲೈಗೆ ಪ್ರದರ್ಶನ ಕಣೋ. ತಂತಿ ಕಿತ್ತು ನಲವತ್ತು ವರ್ಷ. ಒಂದು ಕಮ್ಮಿ ಇದ್ರೆ ನನ್ನ ಮಾನ ಹೋಗುತ್ತೆ.”

“ಮುಗಿಸ್ತೀನಿ ಬಿಡೋ.”

“ನಲವತ್ತೊಂದನೇ ನಂಬರನ್ನ ಯಾಕೆ ಇಷ್ಟು ವರ್ಷ ಮುಟ್ಟಲೇ ಇಲ್ಲ ನೀನು?”

ಫೋಟೋ ಸಿಕ್ಕಿರಲಿಲ್ಲ ಅಂದೆ. ಸುಳ್ಳು.

ಜನವರಿ 28, ಶನಿವಾರ

ಕ್ಲಬ್ಬಿನಲ್ಲಿ ಒಬ್ಬ ಹೆಂಗಸು. ಅರವತ್ತೈದರ ಆಸುಪಾಸು, ತಲೆಗೆ ಬಿಗಿಯಾಗಿ ಸ್ಕಾರ್ಫ್, ಕೆಳಗೆ ಕೂದಲಿಲ್ಲ. ನನ್ನ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನೇರ ನನ್ನ ಹತ್ತಿರ ಬಂದಳು.

“ಸಾರೆಲಾ ಡ್ರೈವರ್ ಮಗ ಅಲ್ವೇನಪ್ಪಾ ನೀನು?”

ಹೌದೆಂದೆ.

“ನಾನು ಓಲ್ಹಾ. ಓಲ್ಹಾ ಡೆರ್ಕಾಚ್.”

ಕೈಯಲ್ಲಿದ್ದ ಕಾಫಿ ತುಳುಕಿತು. ಅವಳೇ ತನ್ನ ಕರ್ಚೀಫು ಕೊಟ್ಟಳು.

“ಹೆದರ್ಕೋಬೇಡ. ಜಗಳಕ್ಕೆ ಬಂದಿಲ್ಲ. ಆ ಬಸ್ಸು ಮಾಡ್ತಿದ್ದೀಯಂತೆ. ನೋಡಬಹುದಾ?”

ಮುಂದಿನ ಶನಿವಾರ ಮನೆಗೆ ಬನ್ನಿ ಅಂದೆ. ಯಾಕೆ ಹಾಗೆ ಅಂದೆನೋ. ಬೇಡ ಅನ್ನಲು ಬಾಯಿ ಬರಲಿಲ್ಲ.

ಫೆಬ್ರವರಿ 4, ಶನಿವಾರ

ಬಂದಳು. ನೆಲಮಾಳಿಗೆಯ ಮೆಟ್ಟಿಲಿಳಿಯಲು ಹತ್ತು ನಿಮಿಷ. ಕೈ ಹಿಡಿಯಲು ಬಿಡಲಿಲ್ಲ. ತಾನೇ ಬೇಯಿಸಿದ ಗಸಗಸೆ ರೋಲು ತಂದಿದ್ದಳು.

ಬಸ್ಸನ್ನು ಮುಟ್ಟಲಿಲ್ಲ. ಬಗ್ಗಿ ಹಿಂಬದಿಯನ್ನೇ ನೋಡಿದಳು. ಎರಡು ಕಂಬ, ಎರಡು ಹಗ್ಗ, ಹಿಂದಿನ ಬಂಪರು.

“ಇಲ್ಲೇ,” ಅಂದಳು.

ಆಮೇಲೆ ಹೇಳಿದಳು. 1964ರ ಫೆಬ್ರವರಿ. ಓಲ್ಹಾಳ ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಮುಗಿಸಿ ಬರುತ್ತಿದ್ದಳು. ಗುಡ್ಡದ ರಸ್ತೆಯಲ್ಲಿ ಇಳಿದವಳು ಅವಳೊಬ್ಬಳೇ. ಕಂಬ ತಂತಿ ಬಿಟ್ಟಿತ್ತು. ಡ್ರೈವರು ಇಳಿದು ಹಿಂದೆ ಹೋಗಿ ಹಗ್ಗ ಎಳೆಯುತ್ತಿದ್ದ. ತಾಯಿ ಬಸ್ಸಿನ ಹಿಂದಿನಿಂದ ರಸ್ತೆ ದಾಟಿದಳು. ಬಸ್ಸು ಹಿಂದಕ್ಕೆ ಉರುಳಿತು. ಡ್ರೈವರು ಪಕ್ಕಕ್ಕೆ ಹಾರಿಕೊಂಡ. ತಾಯಿ ಮಂಜುಗಡ್ಡೆಯಲ್ಲಿ ಜಾರಿ ಬಸ್ಸಿನಡಿಗೆ ಬಿದ್ದಳು.

“ಹ್ಯಾಂಡ್‌ಬ್ರೇಕ್ ಹಾಕೋದು ಮರೆತಿದ್ದನಂತೆ ನಿಮ್ಮಪ್ಪ. ಕುಡಿದಿದ್ದ ಅಂತಲೂ ಅಂದ್ರು. ನನಗೆ ಹದಿನೇಳು. ಸ್ಕೂಲು ಬಿಟ್ಟೆ. ತಮ್ಮ ಬೊಹ್ದಾನ್‌ಗೆ ಮೂರು ವರ್ಷ. ಬೆಳೆಸಿದೆ. ಮದುವೆ ಗಿದುವೆ ಅಂತ ಯೋಚನೆ ಮಾಡೋಕೂ ಪುರುಸೊತ್ತಿರಲಿಲ್ಲ. ಪ್ರತಿ ರಾತ್ರಿ ನಿಮ್ಮಪ್ಪನಿಗೆ ಶಾಪ ಹಾಕಿ ಮಲಗ್ತಿದ್ದೆ, ರೇಯ್ನೊ. ಪ್ರಾರ್ಥನೆ ಹಾಗೆ.”

ಬಸ್ಸಿನ ಪಕ್ಕದಲ್ಲಿದ್ದ ಬ್ರಷ್ಷನ್ನು ಎತ್ತಿ ಡಬ್ಬಿಯಲ್ಲಿಟ್ಟೆ.

“ಈಗ ಬಿಟ್ಟಿದ್ದೀನಿ. ಡಾಕ್ಟರು ಬೇಸಿಗೆವರೆಗೆ ಅಂದಿದ್ದಾರೆ. ಭಾರ ಹೊತ್ಕೊಂಡು ಹೋಗೋಕಿಷ್ಟವಿಲ್ಲ. ಪ್ರದರ್ಶನದಲ್ಲಿ ಈ ಬಸ್ಸಿನ ಮುಂದೆ ಒಂದು ಕಾರ್ಡ್ ಇಡ್ತೀಯಾ? ನಮ್ಮಮ್ಮನ ಹೆಸರು. ಪಕ್ಕದಲ್ಲಿ ನಿಮ್ಮಪ್ಪನ ಹೆಸರು. ಮಗಳು ಕ್ಷಮಿಸಿದ್ದಾಳೆ ಅಂತ.”

ಇಡುತ್ತೇನೆ ಅಂದೆ.

ಅವಳು ನನ್ನ ಕೆನ್ನೆ ತಟ್ಟಿದಳು.

ಫೆಬ್ರವರಿ 5, ಭಾನುವಾರ

ನಿದ್ದೆಯಿಲ್ಲ. ಬರೆದುಬಿಡುತ್ತೇನೆ. ಈ ದಿನಚರಿಯಲ್ಲೂ ಇದುವರೆಗೆ ಬರೆದಿಲ್ಲ.

ಅಪ್ಪ ಹ್ಯಾಂಡ್‌ಬ್ರೇಕ್ ಹಾಕಿದ್ದ. ಅಪ್ಪ ಕುಡಿದಿರಲಿಲ್ಲ. ಆಗ ಕುಡಿಯುತ್ತಲೇ ಇರಲಿಲ್ಲ.

ನಾನಿದ್ದೆ. ಹನ್ನೊಂದು ವರ್ಷ. ಶಾಲೆ ಬಿಟ್ಟ ಮೇಲೆ ಅಪ್ಪನ ಬಸ್ಸು ಹತ್ತಿ ಕೊನೇ ಟ್ರಿಪ್ಪಿನ ತನಕ ಸುತ್ತುತ್ತಿದ್ದೆ. ಅಪ್ಪ ಇಳಿದ ಕೂಡಲೇ ಅವನ ಸೀಟಿನಲ್ಲಿ ಕೂತೆ. ಸೀಟು ಬೆಚ್ಚಗಿತ್ತು. ಸ್ಟೀರಿಂಗು ತಿರುವಿದೆ. ಪಕ್ಕದ ಹ್ಯಾಂಡ್‌ಬ್ರೇಕಿನ ಹಿಡಿ ತಳ್ಳಿದೆ. ಬಿಗಿಯಾಗಿತ್ತು. ಎರಡೂ ಕೈಯಿಂದ ತಳ್ಳಿದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಬೀದಿ ದೀಪ ಮೆಲ್ಲಗೆ ಮುಂದೆ ಹೋಯಿತು. ದೀಪ ಯಾಕೆ ನಡೆಯುತ್ತಿದೆ ಅಂದುಕೊಂಡೆ.

ಅಪ್ಪ ಒಳಗೆ ಹಾರಿ ಬಂದು ಬ್ರೇಕು ತುಳಿದ. ನನ್ನನ್ನು ತೋಳು ಹಿಡಿದು ಎಳೆದು ಹಿಂದಿನ ಸೀಟಿಗೆ ಕೂರಿಸಿದ. ಅವನ ಮುಖ... “ನೀನು ಇಲ್ಲೇ ಕೂತಿದ್ದೆ. ನಿದ್ದೆ ಮಾಡ್ತಿದ್ದೆ. ಕೇಳಿಸ್ತಾ? ಯಾರು ಕೇಳಿದ್ರೂ ಅಷ್ಟೆ.”

ಯಾರೂ ಕೇಳಲಿಲ್ಲ. ಅಪ್ಪನ ಕೆಲಸ ಹೋಯಿತು. ಧಾನ್ಯದ ಗೋದಾಮಿನಲ್ಲಿ ದೂಳು ಗುಡಿಸಿದ. ಕುಡಿತ ಆಮೇಲೆ ಬಂತು. ಊರ ಸೌನಾದ ಹಬೆಮನೆಯಲ್ಲಿ ಕೂತಾಗ ಉಳಿದ ಗಂಡಸರು ಎದ್ದು ಹೋಗುತ್ತಿದ್ದರು. ಅಪ್ಪ ಬಿಸಿ ಕಲ್ಲಿಗೆ ನೀರು ಹಾಕುತ್ತ ಒಬ್ಬನೇ ಕೂತಿರುತ್ತಿದ್ದ. ಐವತ್ತೆರಡಕ್ಕೆ ಸತ್ತ. ಒಂದು ದಿನವೂ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಈಗ ಅವಳು ಅವನನ್ನು ಕ್ಷಮಿಸಿದ್ದಾಳೆ.

ಫೆಬ್ರವರಿ 12, ಭಾನುವಾರ

ಮೂರು ಸಲ ಫೋನ್ ಎತ್ತಿ ಇಟ್ಟೆ. ಸಾಯುವವಳ ನೆಮ್ಮದಿ ಕೆಡಿಸಲು ನಾನ್ಯಾರು? ಇದು ಕರುಣೆಯೇ, ಹೇಡಿತನವೇ? ಗೊತ್ತು ಯಾವುದು ಅಂತ.

ಕಾರ್ಡ್ ಬರೆದು ನೋಡಿದೆ. ಅಪ್ಪನ ಹೆಸರಿನ ಮುಂದೆ ‘ಕ್ಷಮಿಸಲಾಗಿದೆ’ ಅಂತ ಬರೆಯುವಾಗ ಕೈ ನಿಂತಿತು. ಹರಿದೆ.

ಮಾರ್ಚ್ 20, ಮಂಗಳವಾರ

ಒಂದು ತಿಂಗಳಿಂದ ಏನೂ ಮಾಡಿಲ್ಲ. ಊಟ ಡಬ್ಬಿಯದು. ಬಸ್ಸಿನ ಮೇಲೆ ಬಟ್ಟೆ ಹೊದಿಸಿದ್ದೇನೆ. ವಾಲ್ಟರ್ ಬಾಗಿಲು ಬಡಿದು ಕೂಗಿದ, “ಬದುಕಿದ್ದೀಯೇನೋ ಮಾರಾಯ?” ತೆಗೆಯಲಿಲ್ಲ. ಫೋನಿನಲ್ಲಿ ಸಂದೇಶ ಬಿಟ್ಟಿದ್ದಾನೆ. ಓಲ್ಹಾ ಆಸ್ಪತ್ರೆಯಲ್ಲಿದ್ದಾಳಂತೆ. ನನ್ನನ್ನು ಕೇಳಿದಳಂತೆ.

ಮಾರ್ಚ್ 24, ಶನಿವಾರ

ಹೇಳಿದೆ.

ಮಂಚದಲ್ಲಿ ಇಷ್ಟೇ ಇಷ್ಟಾಗಿದ್ದಳು. ನನ್ನನ್ನು ಕಂಡು ನಕ್ಕಳು. “ಬಸ್ಸು ಎಲ್ಲಿಗೆ ಬಂತು, ರೇಯ್ನೊ?”

ಕೋಟೂ ತೆಗೆಯದೆ ಹೇಳಿದೆ. ಸೀಟು, ಹಿಡಿ, ಎರಡು ಕೈ. ಅಪ್ಪ ಹೇಳಿಕೊಟ್ಟ ಮಾತು. ಎಲ್ಲ ಐದು ನಿಮಿಷದಲ್ಲಿ ಮುಗಿಯಿತು. ನಲವತ್ತೆಂಟು ವರ್ಷ ಇಟ್ಟುಕೊಂಡದ್ದು ಐದೇ ನಿಮಿಷ.

ಅವಳು ಕಿಟಕಿ ಕಡೆ ನೋಡುತ್ತಿದ್ದಳು.

“ನಿಮ್ಮಪ್ಪ ನಮ್ಮ ಮನೆಗೆ ಬಂದಿದ್ರು,” ಅಂದಳು. “ಹೆಣ ಇನ್ನೂ ಮನೇಲಿತ್ತು. ಟೋಪಿ ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು. ನಮ್ಮಪ್ಪ ಮುಖಕ್ಕೆ ಗುದ್ದಿದ್ರು. ನಾನು ಉಗಿದೆ. ಒರೆಸ್ಕೊಳ್ಳಲೂ ಇಲ್ಲ. ಹಾಗೇ ನಿಂತಿದ್ರು.”

ಅದು ನನಗೆ ಗೊತ್ತಿರಲಿಲ್ಲ. ಅಂದು ತುಟಿ ಒಡೆದುಕೊಂಡು ಬಂದಿದ್ದ. ಜಾರಿ ಬಿದ್ದೆ ಅಂದಿದ್ದ.

“ನಾನಾಗ ಹುಡುಗ,” ಅಂದೆ. ಆ ಮಾತು ಬಾಯಿಂದ ಹೊರಟ ಕೂಡಲೇ ನುಂಗಿಕೊಳ್ಳಬೇಕೆನಿಸಿತು.

“ಹೌದು. ಹುಡುಗ.” ಉಸಿರು ಎಳೆದುಕೊಂಡಳು. “ಇಪ್ಪತ್ತಾದಾಗ? ಮೂವತ್ತಾದಾಗ? ಅವರು ಗೋದಾಮಲ್ಲಿ ದೂಳು ಕುಡೀತಿದ್ದಾಗ?”

ನಾನು ಮಂಚದ ಅಂಚಿನಿಂದ ಕೈ ತೆಗೆದೆ.

“ಒಬ್ಬರನ್ನ ಕ್ಷಮಿಸೋಕೆ ನನಗೆ ನಲವತ್ತೆಂಟು ವರ್ಷ ಹಿಡೀತು, ಮಿಸ್ಟರ್ ಸಾರೆಲಾ. ಅದೂ ತಪ್ಪಿಲ್ಲದವರನ್ನ. ಇನ್ನೊಬ್ಬರಿಗೆ ನನ್ನ ಹತ್ರ ಟೈಮಿಲ್ಲ. ನೀವು ಹೋಗಿ.”

ಬಾಗಿಲವರೆಗೆ ಹೋದೆ. ಹಿಂದಿನಿಂದ ಕೇಳಿಸಿತು, “ಕಾರ್ಡ್ ಬೇಡ.”

ಏಪ್ರಿಲ್ 19, ಗುರುವಾರ

ಓಲ್ಹಾ ಮಂಗಳವಾರ ತೀರಿಕೊಂಡಳು. ಪೇಪರಿನಲ್ಲಿ ನೋಡಿದೆ. ಮತ್ತೆ ಹೋಗಿರಲಿಲ್ಲ. ಎರಡು ಸಲ ಆಸ್ಪತ್ರೆಯ ಪಾರ್ಕಿಂಗಿನವರೆಗೆ ಹೋಗಿ ತಿರುಗಿ ಬಂದೆ.

ಏಪ್ರಿಲ್ 23, ಸೋಮವಾರ

ಓಲ್ಹಾಳ ಅಂತ್ಯಕ್ರಿಯೆ. ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಮುಗಿದ ಮೇಲೆ ನುಸುಳಿಕೊಳ್ಳಬೇಕೆಂದಿದ್ದೆ. ಹೆಗಲ ಮೇಲೆ ಭಾರವಾದ ಕೈ ಬಿತ್ತು. ಬೊಹ್ದಾನ್. ಆಗ ಮೂರು ವರ್ಷದವ, ಈಗ ಬೋಳುತಲೆ, ಅತ್ತು ಕೆಂಪಾದ ಕಣ್ಣು.

“ನೀವೇ ಅಲ್ವಾ ಬಸ್ಸು ಮಾಡೋರು? ಅಕ್ಕ ಫೆಬ್ರವರೀಲಿ ನಿಮ್ಮನ್ನ ನೋಡಿ ಬಂದಾಗ ಎಷ್ಟು ಹಗುರಾಗಿದ್ಲು ಗೊತ್ತಾ? ಹಾಡು ಗುನುಗ್ತಿದ್ಲು. ಹುಟ್ಟಿದಾಗಿನಿಂದ ಅವಳು ಹಾಡಿದ್ದು ನಾನು ಕೇಳಿರಲಿಲ್ಲ.”

“ಕೊನೇಲಿ ಏನಾದ್ರೂ... ಹೇಳಿದ್ರಾ?” ಕೇಳಿದೆ.

“ಕೊನೆ ಮೂರು ವಾರ ಮಾತೇ ಆಡಲಿಲ್ಲ. ಗೋಡೆ ಕಡೆ ತಿರುಗಿ ಮಲಗ್ತಿದ್ಲು. ಕಾಯಿಲೆ ಹಾಗೆ ಮಾಡುತ್ತಂತೆ, ಡಾಕ್ಟರು ಅಂದ್ರು.”

ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. “ನಿಮ್ಮಪ್ಪನ ಮೇಲೆ ನಮಗೆ ಯಾರಿಗೂ ಸಿಟ್ಟಿಲ್ಲ, ಸಾರ್. ಕಾರ್ಡ್ ಇಡಿ. ಅಕ್ಕನ ಆಸೆ ಅದು.”

ಆಗಲಿ ಅಂದೆ. ಮತ್ತೆ ಆಗಲಿ ಅಂದೆ! ಕೈ ಬಿಡಿಸಿಕೊಂಡು ಕಾರಿಗೆ ಬಂದು ಕೂತೆ.

ಅವಳು ಯಾರಿಗೂ ಹೇಳಲಿಲ್ಲ. ನಾನು ಹೇಳಿದ್ದರಿಂದ ಅಪ್ಪನ ಹೆಸರಿಗಂಟಿದ ಕಳಂಕ ಹೋಗಲಿಲ್ಲ. ಅವಳ ಹಾಡು ಮಾತ್ರ ನಿಂತುಹೋಯಿತು.

ಮೇ 6, ಭಾನುವಾರ. ಬೆಳಿಗ್ಗೆ 10.20

ಬೊಹ್ದಾನ್ ಮನೆ ಎದುರು ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಂದು ಗಂಟೆಯಾಯಿತು. ವಾಲ್ಟರ್‌ಗೆ ನಿನ್ನೆ ಎಲ್ಲ ಹೇಳಿದೆ. ತಮಾಷೆ ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ. “ಅವನಿಗೆ ಹೇಳಿ ಏನು ಸಿಗುತ್ತೆ ನಿನಗೆ?” ಅಂತ ಕೇಳಿದ.

ಏನೂ ಸಿಗುವುದಿಲ್ಲ. ಅವನು ಬಾಗಿಲು ಹಾಕಿಕೊಳ್ಳಬಹುದು. ಗುದ್ದಬಹುದು. ಅಕ್ಕ ಯಾಕೆ ಗೋಡೆ ಕಡೆ ತಿರುಗಿ ಮಲಗಿದಳು ಅನ್ನುವುದು ಅವನಿಗೆ ಗೊತ್ತಾಗುತ್ತದೆ. ಅದನ್ನು ಅವನು ಹೇಗೆ ತಡೆದುಕೊಳ್ಳುತ್ತಾನೆ? ಒಳ್ಳೆಯ ಮನುಷ್ಯ. ಇನ್ನೊಂದು ಮನೆ ಹಾಳುಮಾಡಲು ಬಂದಿದ್ದೇನೇನೋ.

ಆದರೆ ಜುಲೈನಲ್ಲಿ ಆ ಕಾರ್ಡಿನ ಮುಂದೆ ಜನ ನಿಂತು ಅಪ್ಪನ ಹೆಸರು ಓದಿ ಪಾಪ ಅನ್ನುವುದನ್ನು ನೋಡಿಕೊಂಡು ನಿಲ್ಲಲಾರೆ—

ಪರದೆ ಸರಿಯಿತು. ನನ್ನನ್ನು ನೋಡಿ ಕೈ ಬೀಸುತ್ತಿದ್ದಾನೆ. ನಗುತ್ತಿದ್ದಾನೆ. ಬಾಗಿಲು ತೆಗೆದು ಮೆಟ್ಟಿಲಿಳಿದು ಬರುತ್ತಿದ್ದಾನೆ, ಚಪ್ಪಲಿಯಲ್ಲೇ, ಕೈಯಲ್ಲಿ ನನಗೂ ಒಂದು ಕಪ್ ಕಾಫಿ. ದಿನಚರಿ ಮುಚ್ಚಿ ಇಳಿಯುತ್ತೇನೆ.