ಅಕ್ಕನ ಗಡ್ಡೆಗೆ ಬೆಳಕಿನ ಇಸ್ತ್ರಿ

ಮಾರ್ಚ್ 3, ಬೆಳಿಗ್ಗೆ
ಲಾಂಡ್ರಿಯ ಬಾಯ್ಲರ್ ಹಚ್ಚಿಯಾಯಿತು. ಅಕ್ಕನ ಗಡ್ಡೆಗೆ ಇಲ್ಲಿಯವರೆಗಿನ ಖರ್ಚು: ನಾಲ್ಕು ಆಸ್ಪತ್ರೆ, ವ್ಯಾನಿನ ಎರಡು ಟೈರು, ನನ್ನ ನಿದ್ದೆ. ಕಿವಿಯ ಕೆಳಗೆ, ಕೋಟಿನ ಗುಂಡಿಯಷ್ಟು. ಕ್ಯಾನ್ಸರ್. ಕತ್ತರಿಸಿದರೆ ಮುಖದ ನರವೂ ಹೋಗಿ ಬಾಯಿ ಒಂದು ಕಡೆ ಜೋತು ಬೀಳುತ್ತದಂತೆ.

"ಬಾಯಿ ಸೊಟ್ಟಗಾದ್ರೆ ನಿನ್ನ ನೆಟ್ಟಗೆ ಬೈಯೋದು ಹೇಗೋ?" ಎಂದು ನಕ್ಕಳು. ಆಮೇಲೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ನೋಡದವನ ಹಾಗೆ ಷರ್ಟು ಮಡಚಿದೆ.

ಮಾರ್ಚ್ 5
ಹೊಸ ಆಸ್ಪತ್ರೆಯ ಡಾಕ್ಟರಮ್ಮ ಒಂದು ದಾರಿ ಹೇಳಿದರು: ಇನ್ನೂ ಪ್ರಯೋಗದಲ್ಲಿರುವ ಚಿಕಿತ್ಸೆ. ಕೂದಲಿನ ಅಗಲದಲ್ಲಿ ಸಾವಿರ ಕೂರುವಷ್ಟು ಸಣ್ಣ ಕಣಗಳು, ಒಳಗೆ ಚೂರು ತಾಮ್ರ ಬೆರೆಸಿದ್ದು. ಗಡ್ಡೆಗೆ ಚುಚ್ಚಿ ಬೆಳಕು ಬಿಟ್ಟರೆ ಕಣ ಕಾಯುತ್ತದೆ, ಗಡ್ಡೆ ಬೇಯುತ್ತದೆ. ಎರಡು ಸಲ ಮಾಡಬೇಕಂತೆ.

"ಅಂದ್ರೆ ಕಲೆ ಇರೋ ಕಡೆ ಮಾತ್ರ ಇಸ್ತ್ರಿ. ಗ್ಯಾರಂಟಿ ಇದೆಯಾ?" ಎಂದೆ.

"ಕಾಫಿ ಕಲೆಗೆ ನೀವು ಕೊಡ್ತೀರಾ?" ಎಂದರು ಡಾಕ್ಟರಮ್ಮ.

ಅಕ್ಕ ಸಹಿ ಹಾಕಿದಳು.

ಮಾರ್ಚ್ 12
ಮೊದಲ ಸಲ. ಗಾಜಿನಾಚೆ ನಾನು. ಬೆಳಕು ಕಾಣಲೇ ಇಲ್ಲ — ಕಣ್ಣಿಗೆ ಬೀಳದ ಜಾತಿಯದಂತೆ. ಚುರುಕ್ ಎಂದ ತಕ್ಷಣ ಕೈ ಎತ್ತಬೇಕೆಂದು ಅಕ್ಕನಿಗೆ ಹೇಳಿದ್ದರು. ಎತ್ತಲಿಲ್ಲ. ಚರ್ಮ ಕೆಂಪಾದದ್ದು ಕಂಡು ಡಾಕ್ಟರಮ್ಮನೇ ನಿಲ್ಲಿಸಿದರು. ಅಷ್ಟರಲ್ಲಿ ಸುಟ್ಟ ಬೊಬ್ಬೆ ಎದ್ದಿತ್ತು.

"ಯಾಕಮ್ಮ ಹೇಳ್ಲಿಲ್ಲ?" ಎಂದರು.

"ಇದೂ ಒಂದು ಬಿಸಿನಾ? ಇಷ್ಟಕ್ಕೆ ರೇಷ್ಮೆ ಸುಕ್ಕೂ ಬಿಡಲ್ಲ," ಎಂದಳು ಅಕ್ಕ.

ಜೀವಮಾನವಿಡೀ ಇಸ್ತ್ರಿ ಹಿಡಿದವಳು. ಸುಟ್ಟಿತು ಎನ್ನುವುದು ಅವಳಿಗೆ ಅವಮಾನ.

ಹೊರಗೆ ಡಾಕ್ಟರಮ್ಮ ನನ್ನನ್ನು ಹಿಡಿದರು. "ಬಿಸಿ ಅಳೆಯೋ ಕ್ಯಾಮೆರಾ ಚರ್ಮದ ಮೇಲಿನ ಬಿಸಿ ಮಾತ್ರ ತೋರಿಸುತ್ತೆ. ಒಳಗೆ ನರಕ್ಕೆ ತಾಗ್ತಿದೆಯಾ ಅಂತ ಅವರೇ ಹೇಳ್ಬೇಕು. ಹೇಳಲ್ಲ ಅಂದ್ರೆ ಎರಡನೇ ಸಲ ಮಾಡೋಕಾಗಲ್ಲ."

ಅಂದರೆ ಮತ್ತೆ ಕತ್ತರಿಯೇ…

ಮಾರ್ಚ್ 14
ಹೊಳೆಯಿತು! ಇಸ್ತ್ರಿ ತಾಗಿದಾಗ ಅಕ್ಕನ ಮುಖ ಸುಳ್ಳು ಹೇಳುತ್ತದೆ. ಎಡಗಾಲಿನ ಹೆಬ್ಬೆರಳು ಹೇಳುವುದಿಲ್ಲ — ಮಡಚಿಕೊಳ್ಳುತ್ತದೆ. ಚಿಕ್ಕಂದಿನಿಂದ ನೋಡಿದ್ದೇನೆ. ಫೋನ್ ಮಾಡಿದೆ. ಡಾಕ್ಟರಮ್ಮ ಮೊದಲು ನಕ್ಕರು. ಆಮೇಲೆ, "ಒಳಗೇ ಬಂದು ನಿಲ್ಲಿ."

ಮಾರ್ಚ್ 26
ಕಪ್ಪು ಕನ್ನಡಕ, ಹಸಿರು ಗೌನು. ಅಕ್ಕನ ಕಾಲ ಬಳಿ ನಿಂತೆ. ಮುಖ ತಣ್ಣಗೆ. ಹೆಬ್ಬೆರಳು ಮಡಚಿಕೊಂಡಿತು — ನಾನು ಕೈ ಎತ್ತಿದೆ. ಬೆಳಕು ನಿಲ್ಲಿಸಿದರು. ತಡೆದು ಮತ್ತೆ ಬಿಟ್ಟರು. ಮತ್ತೆ ಎತ್ತಿದೆ.

"ಚಾಡಿಕೋರ," ಎಂದಳು.

ಬೊಬ್ಬೆ ಇಲ್ಲ.

ಮೇ 9
ಗಡ್ಡೆಯಿದ್ದ ಜಾಗದಿಂದ ಚೂರು ತೆಗೆದು ನೋಡಿದರು. ಕ್ಯಾನ್ಸರ್ ಇಲ್ಲ. ಆಗಾಗ ಬಂದು ತೋರಿಸಬೇಕು, ಅಷ್ಟೇ. ವ್ಯಾನಿನಲ್ಲಿ ಕೂತು ಅತ್ತುಬಿಟ್ಟೆ. ಗಿರಾಕಿಯೊಬ್ಬರ ಟವೆಲ್ ಎರಡನೇ ಸಲ ಒಗೆಯಬೇಕಾಯಿತು.

ಲೆಕ್ಕ ಮುಗಿಸೋಣ. ಡಾಕ್ಟರಮ್ಮನಿಗೆ ಸಿಕ್ಕಿದ್ದು, ಪ್ರಯೋಗದಲ್ಲಿ ಒಂದು ಗೆಲುವು. ಮುಂದೆ ಬರುವ ರೋಗಿಗಳಿಗೆ, ಚಿಕಿತ್ಸೆಯ ಕೋಣೆಯೊಳಗೆ ಮನೆಯವರೊಬ್ಬರು ಕೂರಲು ಕುರ್ಚಿ. ಅಕ್ಕನಿಗೆ ನೆಟ್ಟಗಿನ ಬಾಯಿ. ಬೆಳಗಿನಿಂದ ಬಿಡುವು ಕೊಡದೆ ಬಳಸುತ್ತಿದ್ದಾಳೆ. ನನಗೆ — ಇಗೋ, ಕೂಗಿದಳು, ಬಾಯ್ಲರ್‌ಗೆ ನೀರು ಬಿಡಬೇಕಂತೆ.